ಮೂರು ಡಬ್ಬಿ, ಮೂವತ್ತು ಚೀಲ

ಬ್ಯಾಡಗಿಯ ಮೆಣಸಿನಕಾಯಿ ದಲಾಲ ಸಿದ್ದಲಿಂಗಪ್ಪನ ಮನೆಗೆ ಇಂಟರ್ನೆಟ್ಟು ಕಾಲಿಟ್ಟದ್ದು ಮಗಳ ಬಾಣಂತನದ ನೆಪದಲ್ಲಿ. ಇಲ್ಲದಿದ್ದರೆ ಅಂಥದ್ದನ್ನೆಲ್ಲ ಹೊಸ್ತಿಲು ದಾಟಿಸುವ ಪೈಕಿಯ ಮನುಷ್ಯನೇ ಅಲ್ಲ ಅವನು. ಪಡಸಾಲೆಯ ಬಲ್ಬು ಸುಟ್ಟರೆ ಅಡುಗೆಮನೆಯದನ್ನು ಕಳಚಿ ತಂದು ಹಾಕುವವನು. ಹೆಂಡತಿ ಸಿದ್ದವ್ವ ಕೂಗಾಡಿದ ಮೇಲೆ ಪೇಟೆಗೆ ಹೋಗಿ ಒಂದೇ ಒಂದು ಬಲ್ಬು ತರುವವನು.

ಮಗಳು ಸುಧಾರಾಣಿ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬೀಜದಲ್ಲಿ ತೇವ ಎಷ್ಟಿದೆ, ನೂರಕ್ಕೆ ಎಷ್ಟು ಮೊಳಕೆ ಒಡೆದವು ಎಂದು ನೋಡಿ ಬರೆಯುವ ಕೆಲಸ. ಚೊಚ್ಚಲ ಹೆರಿಗೆಗೆ ತವರಿಗೆ ಹೊರಟಾಗ ಅವಳ ಮ್ಯಾನೇಜರು ಒಂದು ಲ್ಯಾಪ್‌ಟಾಪು ಕೈಗಿಟ್ಟು, ದಿನಾ ಸಂಜೆ ರಿಪೋರ್ಟುಗಳನ್ನು ತಿದ್ದಿ ಮೇಲ್ ಮಾಡಿದರೆ ನಿಮ್ಮ ಜಾಗ ನಿಮಗೇ ಇರುತ್ತದೆ, ಇಲ್ಲವಾದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದಿದ್ದರು. ಹೀಗಾಗಿ 2009ರ ಜನವರಿಯಲ್ಲಿ, ಮೊಮ್ಮಗ ಹುಟ್ಟಿದ ಹದಿನೈದು ದಿನಕ್ಕೆ, ಸಿದ್ದಲಿಂಗಪ್ಪನ ಪಡಸಾಲೆಯಲ್ಲಿ ಫೋನಿನ ಪಕ್ಕ ಒಂದು ಕರಿ ಡಬ್ಬಿ ಬಂದು ಕುಳಿತಿತು. ಅದಕ್ಕೊಂದು ಕೊಂಬು, ನಾಲ್ಕು ಹಸಿರು ದೀಪ. ವೈ-ಫೈ ಅಂತೆ, ತಂತಿ ಇಲ್ಲದೆ ಗಾಳಿಯಲ್ಲೇ ಬರುತ್ತದಂತೆ. "ಗಾಳ್ಯಾಗ ಬರತೈತಿ ಅಂದ್ರ ಕೂಸಿಗೆ ಏನೂ ಆಗಂಗಿಲ್ಲಲ್ಲ?" ಎಂದು ಸಿದ್ದವ್ವ ನಾಲ್ಕು ಜನರನ್ನು ಕೇಳಿ ಸಮಾಧಾನ ಮಾಡಿಕೊಂಡಳು.

ಬಾಣಂತಿ ಇರುವುದು ಹಿಂದಿನ ಕೋಣೆಯಲ್ಲಿ. ರೈತರು, ಹಮಾಲರು, ಇತರ ದಲಾಲರು ಬಂದು ಕೂರುವ ಪಡಸಾಲೆಗೆ ಅವಳು ಬರುವಂತಿಲ್ಲ. ಗಾಳಿ ಬೇರೆ ಹೊಡೆಯುತ್ತದೆ. ಪಡಸಾಲೆಗೂ ಆ ಕೋಣೆಗೂ ನಡುವೆ ನಡುಮನೆ. ಎರಡು ಮೊಳ ದಪ್ಪದ ಮಣ್ಣಿನ ಗೋಡೆಗಳು. ಆದರೂ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪು ತೆರೆದರೆ ಎರಡು ಕಡ್ಡಿ ಸಿಗ್ನಲ್ಲು ತೋರಿಸುತ್ತಿತ್ತು, ರಿಪೋರ್ಟು ಹೋಗುತ್ತಿತ್ತು. ಫೆಬ್ರವರಿಯ ಮೊದಲ ಸೋಮವಾರ ನಡುಮನೆಯಲ್ಲಿ ತೊಲೆಯ ತನಕ ಮೆಣಸಿನಕಾಯಿ ಚೀಲ ಒಟ್ಟಿದ ಮೇಲೂ ಎರಡು ಕಡ್ಡಿ ಇದ್ದೇ ಇದ್ದವು.

ಆ ಚೀಲಗಳ ಕತೆ ಮೊದಲು ಹೇಳಬೇಕು.

ರಾಣೆಬೆನ್ನೂರಿನಲ್ಲಿ ಖಾರದ ಪುಡಿಯ ಗಿರಣಿ ಇಟ್ಟಿದ್ದ ಮೆಹಬೂಬ ಇಪ್ಪತ್ತೆರಡು ವರ್ಷದಿಂದ ಸಿದ್ದಲಿಂಗಪ್ಪನ ಗಿರಾಕಿ. ಗಿರಾಕಿ ಅನ್ನುವುದೂ ತಪ್ಪೇ, ಅಣ್ಣತಮ್ಮರ ಹಾಗೆ ಇದ್ದವರು. ಬ್ಯಾಡಗಿಯಲ್ಲಿ ಮಾಲು ಕೊಳ್ಳುವವರು ಯಾರೇ ಆಗಲಿ, ಚೀಲದ ಬಾಯಿ ಬಿಚ್ಚಿಸಿ, ಮೊಣಕೈ ತನಕ ಕೈ ಇಳಿಸಿ, ಹೊಟ್ಟೆಯೊಳಗಿನ ಕಾಯಿ ಹೊರಗೆ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಬೀಜ ಗಲಗಲ ಅಂದರೆ ಒಣಗಿದೆ, ಸುಮ್ಮನಿದ್ದರೆ ಹಸಿ ಇದೆ. ಮಾಲಕ ಪಕ್ಕದಲ್ಲಿ ಕೈ ಕಟ್ಟಿ ನಿಂತಿರಬೇಕು. ಇದರಲ್ಲಿ ಅವಮಾನವೇನಿಲ್ಲ, ಇದು ಪೇಟೆಯ ರೀತಿ. ಆದರೆ ಮೆಹಬೂಬ ಸಿದ್ದಲಿಂಗಪ್ಪನ ಚೀಲಕ್ಕೆ ಒಂದು ಸಲವೂ ಕೈ ಹಾಕಿರಲಿಲ್ಲ. ಬೇರೆ ದಲಾಲರು ಚುಡಾಯಿಸಿದರೆ, "ಸಿದ್ದಣ್ಣನ ಚೀಲ ನೋಡಾಕ ನನಗೇನ ಹುಚ್ಚ ಹಿಡದೈತೇನ್ರೋ?" ಅನ್ನುತ್ತಿದ್ದ. ಆ ಮಾತು ಕೇಳಿದ ದಿನವೆಲ್ಲ ಸಿದ್ದಲಿಂಗಪ್ಪನ ನಡಿಗೆಯೇ ಬೇರೆ. ಪೇಟೆಯಲ್ಲಿ ಅವನಿಗಿಂತ ದೊಡ್ಡ ಅಂಗಡಿಯವರಿದ್ದರು, ಕಾರಿನಲ್ಲಿ ಬರುವವರಿದ್ದರು. ಚೀಲ ಬಿಚ್ಚದೆ ಮಾಲು ಹೋಗುವ ದಲಾಲ ಮಾತ್ರ ಅವನೊಬ್ಬನೇ.

ಈ ಸಲ ಮೆಹಬೂಬ ಹನ್ನೆರಡು ಕ್ವಿಂಟಲ್ ಕೇಳಿದ್ದ. "ಅದೇನ ದೊಡ್ಡ ಮಾತು, ತಗದ ಇಟ್ಟೇನಿ ಅಂತ ತಿಳಕೊ" ಎಂದು ಸಿದ್ದಲಿಂಗಪ್ಪ ಫೋನಿನಲ್ಲೇ ಹೇಳಿಬಿಟ್ಟ. ತೆಗೆದಿಟ್ಟಿರಲಿಲ್ಲ. ಜಂಬದ ಮಾತು. ಒಳ್ಳೆಯ ಕಾಯಿ ಬೇರೆಯವರ ಪಾಲಾಗಿ, ಇವನು ಹೊಂದಿಸಿದ್ದು ಹನ್ನೊಂದು ಕ್ವಿಂಟಲ್. ಮೂವತ್ತು ಚೀಲ ತುಂಬಿ ತೂಗಿದಾಗ ಸರಿಯಾಗಿ ಒಂದು ಕ್ವಿಂಟಲ್ ಕಡಿಮೆ. ಒಂದು ಫೋನು ಮಾಡಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆಡಿದ ಮಾತು ಕಡಿಮೆ ಬಿತ್ತು ಎಂದು ಹೇಳುವುದು ಅವನ ಬಾಯಿಗೆ ಬರಲಿಲ್ಲ.

ಒಣ ಕಾಯಿಗೆ ಒಂದಿಷ್ಟು ನೀರು ಚಿಮುಕಿಸುವುದು ಎಲ್ಲರೂ ಮಾಡುವಂಥದ್ದೇ. ಬೇವಿನ ತೊಪ್ಪಲನ್ನು ನೀರಿನಲ್ಲಿ ಅದ್ದಿ ಮೇಲೆ ಝಾಡಿಸಿದರೆ ಕಾಯಿ ಮೆತ್ತಗಾಗಿ, ತುಳಿದು ತುಂಬುವಾಗ ಮುರಿಯುವುದಿಲ್ಲ. ಅದು ಕೆಲಸ. ಸಿದ್ದಲಿಂಗಪ್ಪ ಮಾಡಿದ್ದು ಅದಲ್ಲ. ಗುರುವಾರ ಮಧ್ಯಾಹ್ನ, ಸಿದ್ದವ್ವ ಮೋಟೆಬೆನ್ನೂರಿನ ತಂಗಿಯ ಮನೆಗೆ ಹೋಗಿದ್ದಾಗ, ಮಗಳು ಕೂಸಿನ ಜೊತೆ ಬಾಗಿಲು ಹಾಕಿಕೊಂಡು ಮಲಗಿದ್ದಾಗ, ಆ ಐವತ್ತೆಂಟರ ಮನುಷ್ಯ ಪಂಚೆ ಎತ್ತಿ ಕಟ್ಟಿ, ಒಬ್ಬನೇ ಚೀಲ ಇಳಿಸಿ, ಬಾಯಿ ಬಿಚ್ಚಿ, ಬಚ್ಚಲಿನಿಂದ ತಾಮ್ರದ ಕೊಡದಲ್ಲಿ ನೀರು ಹೊತ್ತು ತಂದು ಹೊಡೆದ. ಎಂಟು ಕೊಡ. ಮತ್ತೆ ತುಳಿದು, ದಬ್ಬಣದಿಂದ ಹೊಲಿದು, ಒಂದರ ಮೇಲೊಂದು ಏರಿಸಿದ. ಸಂಜೆ ಸೊಂಟ ಹಿಡಿದುಕೊಂಡಾಗ ಹೆಂಡತಿಗೆ, ಮೆಟ್ಟಿಲ ಮೇಲೆ ಜಾರಿದೆ ಅಂದ. ಹೇಗೂ ಮೆಹಬೂಬ ಕುಟ್ಟಿಸುವ ಮುಂಚೆ ಬಿಸಿಲಿಗೆ ಹಾಕುತ್ತಾನೆ, ನೀರು ಬಿಸಿಲಿಗೆ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಗೊತ್ತಾಗುವುದಿಲ್ಲ ಅಂದುಕೊಂಡಿದ್ದೇ ಅವನಿಗೆ ಹೆಚ್ಚು ಚುಚ್ಚಿತು, ಯಾಕೆಂದರೆ ಯಾಕೆ ಗೊತ್ತಾಗುವುದಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ಮೆಹಬೂಬ ಚೀಲ ಬಿಚ್ಚುವುದಿಲ್ಲ, ಅದಕ್ಕೆ.

ಶುಕ್ರವಾರ ಬೆಳಿಗ್ಗೆ ಸುಧಾರಾಣಿ ಕೋಣೆಯಿಂದಲೇ ಕೂಗಿದಳು. "ಅಪ್ಪಾ, ಬುಧವಾರದ ತನಕ ಎರಡ ಕಡ್ಡಿ ಬರ್ತಿತ್ತು. ನಿನ್ನಿ ಸಂಜಿಯಿಂದ ಒಂದೂ ಇಲ್ಲ ನೋಡು."

"ಕಂಪನಿಯವರದ ಏನರ ಕಿರಿಕಿರಿ ಇರಬೇಕು, ತಡಿ" ಅಂದ ಸಿದ್ದಲಿಂಗಪ್ಪ. ಪಡಸಾಲೆಯಲ್ಲಿ ನಾಲ್ಕೂ ಹಸಿರು ದೀಪ ನೆಟ್ಟಗೆ ಉರಿಯುತ್ತಿದ್ದವು. ಸಂಜೆ ಬಾಣಂತಿ ತಲೆಗೆ, ಕಿವಿಗೆ ಬಟ್ಟೆ ಸುತ್ತಿಕೊಂಡು ಪಡಸಾಲೆಗೆ ಬಂದು, ರೈತರು ಎದ್ದು ಹೊರಗೆ ನಿಂತ ಮೇಲೆ, ಅವಸರದಲ್ಲಿ ರಿಪೋರ್ಟು ಕಳಿಸಿ ಒಳಗೆ ಹೋದಳು. ಸಿದ್ದವ್ವ ಕೆಂಡವಾದಳು. "ಇಪ್ಪತ್ತೈದ ದಿನದ ಬಾಣಂತಿನ್ನ ಹೊರಗ ಕುಂದ್ರಿಸಿ ನಾಳಿ ತಲಿಶೂಲಿ ಹಿಡೀತಂದ್ರ ಯಾರ ನೋಡವರು? ಮೆಹಬೂಬಣ್ಣನ ಮಗಗ ಫೋನ್ ಹಚ್ರಿ, ಅಂವ ಇದನ್ನೆಲ್ಲ ಬಲ್ಲವ."

ಮೆಹಬೂಬನ ಮಗ ಅಜೀಮ ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ. ಇಪ್ಪತ್ತೆಂಟು ವರ್ಷದವನು, ಸಾವಕಾಶ ಮಾತು. ಬ್ಯಾಡಗಿಯಲ್ಲಿ ಬೇರೆ ಯಾರೂ ಸಿಗುವುದಿಲ್ಲವೇ ಎಂದು ಸಿದ್ದಲಿಂಗಪ್ಪ ಕೇಳಬೇಕೆಂದಿದ್ದ, ಆದರೆ ಹಾಗೆ ಕೇಳಲು ಕಾರಣವೇನು ಅಂತ ಹೇಳುವುದು? ಫೋನು ಹಚ್ಚಿದ.

ಶನಿವಾರ ಅಜೀಮ ಬಸ್ಸಿಗೆ ಬಂದ. ಚೀಲದಿಂದ ಒಂದು ಬಿಳಿ ಡಬ್ಬಿ ತೆಗೆದು, "ಇದು ಎಕ್ಸ್‌ಟೆಂಡರ್ ಅಂತರಿ ಕಾಕಾ. ಆ ಡಬ್ಬಿ ಕೊಟ್ಟಿದ್ದನ್ನ ಇದು ಹಿಡದು ಮುಂದಕ್ಕ ದಾಟಸತೈತಿ" ಎಂದು ನಡುಮನೆಯ ಬಾಗಿಲ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿದ. ಹಿಂದಿನ ಕೋಣೆಯಲ್ಲಿ ಏನೂ ಬರಲಿಲ್ಲ. ಅಜೀಮ ತನ್ನ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಮನೆಯೆಲ್ಲ ತಿರುಗಿದ. ಪಡಸಾಲೆಯಲ್ಲಿ ಐದು ಕಡ್ಡಿ. ನಡುಮನೆಯ ಬಾಗಿಲಲ್ಲಿ ಐದು. ಚೀಲದ ಸಾಲಿನ ಆಚೆ ಬದಿಗೆ ಹೋದರೆ ಸೊನ್ನೆ. ಈಚೆ ಬಂದರೆ ಐದು.

"ಗ್ವಾಡಿ ದಪ್ಪ ಅದಾವ, ಖರೇ" ಅಂದ ಅಜೀಮ. "ಆದ್ರ ಬುಧವಾರದ ತನಕ ದಾಟಿದ್ದು ಈಗ ಯಾಕ ದಾಟವಲ್ದು? ಗ್ವಾಡಿ ಬೆಳದಿಲ್ಲಲ್ಲ."

"ಹಳೇ ಮನಿ, ಹಂಗನ" ಅಂದ ಸಿದ್ದಲಿಂಗಪ್ಪ.

"ಇಲ್ರಿ ಕಾಕಾ. ಇದು ಗ್ವಾಡಿ ದಾಟತೈತಿ, ಕಟಗಿ ದಾಟತೈತಿ. ದಾಟಲಾರದ್ದು ಅಂದ್ರ ನೀರು. ನೀರ ಇದ್ದಲ್ಲೆ ಇದನ್ನ ಪೂರಾ ಕುಡದಬಿಡತೈತಿ. ಮೊನ್ನಿ ಒಬ್ಬರ ಮನ್ಯಾಗ ಮೀನಿನ ಗಾಜಿನ ಪೆಟಗಿ ನಡುವ ಇಟ್ಟಿದ್ರು, ಅದನ್ನ ಸರಿಸಿದ ಕೂಡ್ಲೇ ಸರಳ ಆತು. ನಡುಮನ್ಯಾಗ ನೀರಿನ ಟಾಕಿ ಏನರ ಐತೇನ್ರಿ?"

ಉತ್ತರ ಕೊಟ್ಟವಳು ಚಹಾ ಹಿಡಿದು ಬಂದ ಸಿದ್ದವ್ವ. "ನಡುಮನ್ಯಾಗ ಟಾಕಿ ಯಾರ ಇಡತಾರೋ ತಮ್ಮಾ? ಅಲ್ಲಿರೂದು ನಿಮ್ಮಪ್ಪನ ಮೆಣಸಿನಕಾಯಿ. ಕೂಸಿಗೆ ಘಾಟ ಆಗತೈತಿ, ಅಂಗಡ್ಯಾಗ ಇಡ್ರಿ ಅಂದ್ರ ಈ ಸಲ ಕೇಳಾಕ ತಯಾರಿಲ್ಲ."

"ಒಣ ಮೆಣಸಿನಕಾಯಿ ಏನ ಮಾಡತೈತ್ರಿ ಕಾಕಿ" ಎಂದು ಅಜೀಮ ನಕ್ಕ. "ಆದ್ರೂ ಒಂದ ಸಾಲ ಆ ಕಡೆ ಸರಿಸಿ ನೋಡೋಣ್ರಿ."

"ಬ್ಯಾಡ!" ಸಿದ್ದಲಿಂಗಪ್ಪನ ಧ್ವನಿ ಅವನಿಗೇ ಜೋರಾಗಿ ಕೇಳಿಸಿತು. "ನಿಮ್ಮಪ್ಪ ಬರೂತನಕ ಅವನ್ನ ಮುಟ್ಟೂದ ಬ್ಯಾಡ. ಲೆಕ್ಕ ಮಾಡಿ ಒಟ್ಟೇನಿ."

"ಆತ ಬಿಡ್ರಿ. ಮ್ಯಾಲಿಂದ ಹೆಂಗ ಐತಿ ನೋಡತೇನಿ" ಎಂದು ಅಜೀಮ, ಸಿದ್ದಲಿಂಗಪ್ಪ ಬಾಯಿ ತೆರೆಯುವಷ್ಟರಲ್ಲಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಚೀಲ ಏರಿದ. ಮೊದಲನೇ ಚೀಲ, ಎರಡನೇ ಚೀಲ. ಅಲ್ಲೇ ನಿಂತ.

ಒಣ ಕಾಯಿ ತುಂಬಿದ ಚೀಲದ ಮೇಲೆ ಕಾಲಿಟ್ಟರೆ ಒಳಗೆ ಸಣ್ಣಗೆ ಪಟಪಟ ಅನ್ನುತ್ತದೆ. ಗಿರಣಿಯ ಅಂಗಳದಲ್ಲಿ ಚೀಲದ ಮೇಲೆ ಕುಣಿದು ಬೆಳೆದ ಹುಡುಗನಿಗೆ ಆ ಸದ್ದು ಹೇಳಿಕೊಡಬೇಕಾಗಿರಲಿಲ್ಲ. ಈ ಚೀಲ ಏನೂ ಅನ್ನಲಿಲ್ಲ. ಅಜೀಮ ಒಂದು ಕಾಲೆತ್ತಿ ಪಕ್ಕದ ಚೀಲದ ಮೇಲಿಟ್ಟ. ಅದೂ ಏನೂ ಅನ್ನಲಿಲ್ಲ. ಅವನು ಲ್ಯಾಪ್‌ಟಾಪಿನ ಕಡೆ ನೋಡುತ್ತಿರುವಂತೆ ತಲೆ ಬಗ್ಗಿಸಿಕೊಂಡು ಸುಮಾರು ಹೊತ್ತು ನಿಂತಿದ್ದ. ಕೆಳಗೆ ಸಿದ್ದಲಿಂಗಪ್ಪ ಚಹಾದ ಬಟ್ಟಲು ಹಿಡಿದುಕೊಂಡು ಆ ಎರಡು ಪಾದಗಳನ್ನೇ ನೋಡುತ್ತಿದ್ದ.

ಇಳಿದು ಬಂದ ಅಜೀಮ ಚಪ್ಪಲಿ ಮೆಟ್ಟಿಕೊಳ್ಳುತ್ತ, ಮುಖ ಎತ್ತದೆ ಹೇಳಿದ. "ಚೀಲ ಇರಲಿ ಬಿಡ್ರಿ ಕಾಕಾ. ಇನ್ನೆರಡ ಡಬ್ಬಿ ತರತೇನಿ. ಅಟ್ಟದ ಕಿಡಕಿಯಿಂದ ಬಚ್ಚಲ ಕಡೆ ಹಾಯಿಸಿ, ಅಡಗಿಮನಿ ಮ್ಯಾಲೆ ಹಾದು, ಸುತ್ತ ಹಾಕಿ ತರೂಣು."

"ಒಂದ ಡಬ್ಬಿ ಸಾಲೂದಿಲ್ಲೇನೋ?" ಎಂದಳು ಸಿದ್ದವ್ವ.

"ಸಾಲೂದಿಲ್ರಿ ಕಾಕಿ. ಹಳೇ ಮನಿ" ಅಂದ ಅಜೀಮ.

ಸಿದ್ದಲಿಂಗಪ್ಪ ಆಡಿದ್ದ ಸುಳ್ಳನ್ನೇ ಅವನು ಎತ್ತಿ ಆಡಿದ್ದ. ಹುಡುಗನಿಗೆ ಗೊತ್ತಾಯಿತೋ ಇಲ್ಲವೋ? ಬಸ್‌ಸ್ಟ್ಯಾಂಡಿನ ತನಕ ಬಿಟ್ಟು ಬರುವ ನೆಪದಲ್ಲಿ ಜೊತೆಗೆ ನಡೆದ ಸಿದ್ದಲಿಂಗಪ್ಪ ದಾರಿಯುದ್ದಕ್ಕೂ ಅವನ ಮುಖ ಓದಲು ನೋಡಿದ. ಅಜೀಮ ಬಿಸಿಲಿನ ಬಗ್ಗೆ, ಕುಮಾರಪಟ್ಟಣದ ಕಡೆಯಿಂದ ಬರುವ ಬಸ್ಸುಗಳು ತುಂಬಿ ಬರುವುದರ ಬಗ್ಗೆ ಮಾತಾಡಿದ. ಬಸ್ಸು ಹತ್ತುವಾಗ ಮಾತ್ರ ಎಂದಿನಂತೆ "ಬರತೇನ್ರಿ ಕಾಕಾ" ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಲಿಲ್ಲ.

ಚೀಲ ಬಿಚ್ಚಿ ಮಾಳಿಗೆಯ ಮೇಲೆ ಹರವಿ ಒಣಗಿಸಿಬಿಡಲೇ ಎಂದು ಸಿದ್ದಲಿಂಗಪ್ಪ ಆ ವಾರ ಹತ್ತು ಸಲ ಯೋಚಿಸಿದ. ಆದರೆ ಹೊಲಿದ ಚೀಲ ಬಿಚ್ಚಿ ಯಾರಾದರೂ ಒಣಗಿಸುತ್ತಾರೆಯೇ? ಓಣಿಯವರು ಕೇಳುತ್ತಾರೆ, ಹೆಂಡತಿ ಕೇಳುತ್ತಾಳೆ. ಒಣಗಿದ ಮೇಲೆ ಮತ್ತದೇ ಒಂದು ಕ್ವಿಂಟಲ್ ಕಡಿಮೆ. ಹೀಗಾಗಿ, ಒಂದು ಬಲ್ಬಿಗೆ ಲೆಕ್ಕ ಹಾಕುತ್ತಿದ್ದ ಮನುಷ್ಯ ಮೂರು ಡಬ್ಬಿಗೂ ಹೂಂ ಅಂದ. ಮಂಗಳವಾರ ಅಜೀಮ ಹುಬ್ಬಳ್ಳಿಯಿಂದ ತಂದು ಹಚ್ಚಿ ಹೋದ. ನಡುಮನೆಯ ಬಾಗಿಲಿಂದ ಅಟ್ಟಕ್ಕೆ ಒಂದು ವೈರು, ಅಟ್ಟದ ಡಬ್ಬಿಯಿಂದ ಅಡುಗೆಮನೆಯ ಡಬ್ಬಿಗೆ ಗಾಳಿಯಲ್ಲಿ, ಅಲ್ಲಿಂದ ಬಾಣಂತಿಯ ಕೋಣೆಗೆ. ಇಷ್ಟೆಲ್ಲ ಸುತ್ತಿ ಬಂದು ಅಲ್ಲಿ ತಲುಪುತ್ತಿದ್ದುದು ಒಂದೇ ಕಡ್ಡಿ. ಅಡುಗೆಮನೆಯ ಬಾಗಿಲು ಹಾಕಿದರೆ ಅದೂ ಇಲ್ಲ. ಸಿದ್ದವ್ವ ಮಿಕ್ಸರ್ ಹಚ್ಚಬೇಕಾದರೆ ಡಬ್ಬಿ ಕಿತ್ತು ಬದಿಗಿಡುತ್ತಿದ್ದಳು, ಚಟ್ನಿ ಆಗುವ ತನಕ ಬೀಜದ ಕಂಪನಿ ಕಾಯಬೇಕಾಗುತ್ತಿತ್ತು. "ಇದ್ದೊಂದ ಕೋಣಿಗೆ ಮೂರ ಡಬ್ಬಿ! ನಿಮಗ ಏನಾಗೈತ್ರಿ?" ಎಂದು ಅವಳು ಗಂಡನನ್ನು ಕೇಳಿದಳು. ಪೇಟೆಯಲ್ಲಿ ದಲಾಲರು, "ಸಿದ್ದಲಿಂಗಪ್ಪ ಮನ್ಯಾಗ ಟವರ್ ಹಾಕ್ಯಾನಂತ" ಎಂದು ನಗಾಡಿದರು. ಅವನೂ ನಕ್ಕ. ನಗುವುದು ಎಷ್ಟು ಕಷ್ಟದ ಕೆಲಸ ಎಂದು ಅವನಿಗೆ ಆ ವಾರ ಗೊತ್ತಾಯಿತು.

ಬುಧವಾರ ಸಂಜೆ ಕೂಸಿಗೆ ಬಿಸಿನೀರು ಒಯ್ದಾಗ ಸುಧಾರಾಣಿ ಲ್ಯಾಪ್‌ಟಾಪು ಮುಚ್ಚಿ ಅವನನ್ನೇ ನೋಡಿದಳು. ದಿನವೂ ಬೀಜದ ತೇವ ಅಳೆದು, ಹೆಚ್ಚಿದ್ದರೆ ಆ ಮೂಟೆಯನ್ನೇ ಬೇಡವೆಂದು ವಾಪಸು ಕಳಿಸುವ ಹುಡುಗಿ ಅವಳು.

"ಅಪ್ಪಾ, ಹೋದ ಗುರುವಾರ ನಡುಮನ್ಯಾಗ ಏನರ ಆತೇನು? ನಾ ಮಲ್ಕೊಂಡಾಗ ಚೀಲ ಎಳದಂಗ, ನೀರ ಸುರದಂಗ ಸಪ್ಪಳ ಕೇಳಿತ್ತು."

"ಏನಿಲ್ಲವಾ. ನೆಲಾ ತೊಳದೆ. ಧೂಳಾಗಿತ್ತು."

ಅವಳು ಕೂಸಿನ ಕುಂಚಿಗೆ ಸರಿಮಾಡಿದಳು. ಮಗಳಿಗೆ ಅವನು ಮೊದಲೂ ಸಣ್ಣಪುಟ್ಟ ಸುಳ್ಳು ಹೇಳಿದ್ದ, ಜಾತ್ರೆಯಲ್ಲಿ ಬಳೆ ತೀರಿಹೋಗಿದ್ದವು ಅನ್ನುವಂಥವು. ಆಗೆಲ್ಲ ಅವಳು ಹಟ ಹಿಡಿದು ಅತ್ತಿದ್ದಳು. ಈಗ ಸುಮ್ಮನಾದದ್ದು ನೋಡಿ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಚೀಲಗಳ ಪಕ್ಕದಿಂದ ಹಾದು ಬರುವಾಗ ಮುಗ್ಗಲು ವಾಸನೆ ಸಣ್ಣಗೆ ಮೂಗಿಗೆ ಬಡಿಯಿತು.

ಶುಕ್ರವಾರ ಮುಂಜಾನೆ ಹತ್ತಕ್ಕೆ ಮೆಹಬೂಬ ಟೆಂಪೋ ತಂದ. ಜೊತೆಗೆ ಅಜೀಮನೂ ಇದ್ದ, ಡಬ್ಬಿ ಹೇಗೆ ನಡೆದಿವೆ ನೋಡಿ ಬರುತ್ತೇನೆ ಎಂದು ತಂದೆಯ ಜೊತೆ ಹೊರಟು ಬಂದಿದ್ದ. ಮೆಹಬೂಬ ಎಂದಿನ ಹಾಗೆ ಪಡಸಾಲೆಯ ಗೋಡೆಗೆ ಒರಗಿ ಕುಳಿತ, ಕೂಸಿನ ಕ್ಷೇಮ ಕೇಳಿದ, ಅವಲಕ್ಕಿ ತಿಂದ, ಚಹಾದ ಬಟ್ಟಲು ಎತ್ತಿದ. ನಡುಮನೆಯ ಕಡೆ ತಿರುಗಿಯೂ ನೋಡಲಿಲ್ಲ. ಚೀಲ ಹೊತ್ತವರ ತಲೆಗೆ ವೈರು ತಾಗಬಾರದೆಂದು ಅಜೀಮ ಮೂರೂ ಡಬ್ಬಿ ಕಿತ್ತು ತಂದು ಪಡಸಾಲೆಯ ಕಿಟಕಿಯಲ್ಲಿ ಇಟ್ಟ. ಹಮಾಲರು ಹೊರಲು ಸುರು ಮಾಡಿದರು.

"ಏನ ಭಾರ ಅದಾವ್ರಿ ಈ ಸಲ!" ಅಂದ ಒಬ್ಬ ಹಮಾಲ, ಹೊಸ್ತಿಲಲ್ಲಿ ಉಸಿರು ಬಿಡುತ್ತ.

"ಸಿದ್ದಣ್ಣನ ಮಾಲು ಭಾರ ಇರದ ಹಗುರ ಇರತೈತೇನೋ?" ಎಂದು ಮೆಹಬೂಬ ನಕ್ಕ. ಸಿದ್ದಲಿಂಗಪ್ಪ ತನ್ನ ಬಟ್ಟಲಿನ ಚಹಾ ನೋಡುತ್ತ ಕುಳಿತ. ಹೇಳಿಬಿಡಬೇಕು ಎಂದು ಮುಂಜಾನೆಯೇ ನಿಶ್ಚಯ ಮಾಡಿಕೊಂಡು ಸ್ನಾನ ಮಾಡಿದ್ದ. ಐದು ಚೀಲ ಹೋದ ಮೇಲೆ ಹೇಳೋಣ ಅಂದುಕೊಂಡ. ಹತ್ತು ಹೋದವು. ಹದಿನೈದು. ಎಲ್ಲ ಹೋಗಲಿ, ಆಮೇಲೆ ಹೇಳಿದರಾಯಿತು ಎಂದು ಮನಸ್ಸು ನುಣುಚಿತು. ಎಲ್ಲ ಹೋದ ಮೇಲೆ ಹೇಳುವುದೆಂದರೆ ಹೇಳದೇ ಇರುವುದು, ಇದು ಅವನಿಗೂ ಗೊತ್ತಿತ್ತು.

ಇಪ್ಪತ್ತು ದಾಟಿರಬೇಕು, ಹಿಂದಿನ ಕೋಣೆಯಿಂದ ಸುಧಾರಾಣಿಯ ಧ್ವನಿ ಬಂತು. "ಅಪ್ಪಾ! ಕಡ್ಡಿ ಬಂದ್ವು ನೋಡು! ಒಂದ... ಎರಡೂ ಬಂದಾವ..." ಖುಷಿಯಲ್ಲಿ ಕೂಗಿದ ಮಾತು ನಡುವೆಯೇ ನಿಂತುಹೋಯಿತು. ಅವಳಿಗೆ ತಿಳಿಯಿತು ಎಂದು ಸಿದ್ದಲಿಂಗಪ್ಪನಿಗೆ ಇಲ್ಲಿ ಕುಳಿತೇ ತಿಳಿಯಿತು.

ಮೆಹಬೂಬನಿಗೆ ಮಾತ್ರ ಬರೀ ಖುಷಿ ಕೇಳಿಸಿತ್ತು. ತೊಡೆ ತಟ್ಟಿಕೊಂಡ. "ನೋಡ್ರಿ ಸಿದ್ದಣ್ಣ, ನನ್ನ ಮಗನ ಕೈಗುಣಾ! ಊರ ಮಂದಿ ನಕ್ಕಿದ್ರಂತ ಮೂರ ಡಬ್ಬಿ ಅಂತ. ಈಗ ನಗಲಿ." ಮಗನ ಕಡೆ ತಿರುಗಿದ. ಅವನ ಮುಖ ಅಭಿಮಾನದಿಂದ ಅರಳಿತ್ತು. "ಏನೋ, ನಿನ್ನ ಡಬ್ಬಿ ಚೊಲೋ ಕೆಲಸಾ ಮಾಡಾಕತ್ತಾವ ಹೌದಲ್ಲೋ?"

ಅಜೀಮ ಕಿಟಕಿಯಲ್ಲಿ ದೀಪವಿಲ್ಲದೆ ಬಿದ್ದಿದ್ದ ಮೂರು ಡಬ್ಬಿ ನೋಡಿದ. ಒಂದು ಗಳಿಗೆ ಸಿದ್ದಲಿಂಗಪ್ಪನನ್ನು ನೋಡಿದ. ಆಮೇಲೆ ನೆಲ ನೋಡಿ ಹೇಳಿದ. "ಹೌದಬ್ಬಾ. ಮಾಡಾಕತ್ತಾವು."

ಸಿದ್ದಲಿಂಗಪ್ಪನಿಗೆ ಮುಖಕ್ಕೆ ಉಗುಳಿಸಿಕೊಂಡಂತಾಯಿತು. ಇಷ್ಟು ದಿನ ಮಾಡಿದ ತಪ್ಪು ತನ್ನದು, ಅಂಜಿಕೆ ತನ್ನದು. ಈಗ ಇನ್ನೊಬ್ಬರ ಮಗ, ತನ್ನ ಮನೆಯಲ್ಲಿ, ತನ್ನ ಮಾನ ಕಾಯಲು, ಹೆತ್ತ ತಂದೆಯ ಮುಂದೆ ನಿಂತು ಸುಳ್ಳು ಹೇಳುತ್ತಿದ್ದಾನೆ. ಆ ತಂದೆ ಅದನ್ನು ನಂಬಿ ನಗುತ್ತಿದ್ದಾನೆ. ಎಂಟು ಕೊಡ ನೀರಿನಲ್ಲಿ ಆಗದ ನಾಚಿಕೆ ಆ ಒಂದು ಮಾತಿನಲ್ಲಿ ಆಯಿತು.

"ಮೆಹಬೂಬ" ಅಂದ. ಚಹಾದ ಬಟ್ಟಲು ಕೆಳಗಿಟ್ಟ. "ಮೆಹಬೂಬ, ಡಬ್ಬಿ ಬಂದ್ ಅದಾವ. ನೋಡು, ಅಲ್ಲಿ ಕಿಡಕ್ಯಾಗ ಬಿದ್ದಾವ. ಹುಡುಗ ಸುಳ್ಳ ಹೇಳಾಕತ್ತಾನ. ನನ್ನ ಸಲುವಾಗಿ ಹೇಳಾಕತ್ತಾನ."

"ಏನಂತೀರಿ ಸಿದ್ದಣ್ಣ?"

"ಅಡ್ಡ ಇದ್ದದ್ದು ನೀರು. ನಿನ್ನ ಚೀಲದಾಗ ಎಂಟ ಕೊಡ ನೀರ ಹೊಡದೇನಿ. ಒಂದ ಕ್ವಿಂಟಲ್ ಕಡಿಮಿ ಬಿದ್ದಿತ್ತು. ಚೀಲ ಹೋದ್ವು, ಕಡ್ಡಿ ಬಂದ್ವು. ಇಷ್ಟ."

ಹೊಸ್ತಿಲಲ್ಲಿದ್ದ ಹಮಾಲ ಬೆನ್ನ ಮೇಲಿನ ಚೀಲ ಇಳಿಸಬೇಕೋ ಹೊರಬೇಕೋ ತಿಳಿಯದೆ ನಿಂತ. ಸಿದ್ದವ್ವ ಅವಲಕ್ಕಿಯ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲೇ ಉಳಿದಳು. ಮೆಹಬೂಬ ಬಟ್ಟಲನ್ನು ನೆಲಕ್ಕಿಟ್ಟ. ಅವನು ಸಿದ್ದಲಿಂಗಪ್ಪನನ್ನು ನೋಡಲಿಲ್ಲ, ಮಗನನ್ನು ನೋಡಿದ.

"ನಿನಗ ಗೊತ್ತಿತ್ತ?"

"ಚೀಲದ ಮ್ಯಾಲೆ ಹತ್ತಿದಾಗ ಗೊತ್ತಾತು."

"ಮತ್ತ ನನ್ನ ಮುಂದ ಯಾಕ ಹೇಳ್ಲಿಲ್ಲ?"

ಅಜೀಮ ತಡೆದು ಹೇಳಿದ. "ಹೇಳಿದ್ರ ನೀವು ನಂಬತಿದ್ದಿಲ್ಲ ಅಬ್ಬಾ. ಸಿದ್ದಣ್ಣನ ಮ್ಯಾಲೆ ಚಾಡಿ ಹೇಳತೀ ಅಂತ ನನಗ ಹೊಡೀತಿದ್ರಿ."

ಮೆಹಬೂಬ ಬೈಯಲಿಲ್ಲ. ಬೈದಿದ್ದರೆ ಸಿದ್ದಲಿಂಗಪ್ಪ ತಲೆ ಕೊಟ್ಟು ಬೈಸಿಕೊಳ್ಳುತ್ತಿದ್ದ. ಪೇಟೆಗೆ ಹೋಗಿ ನಾಲ್ಕು ಜನರ ಮುಂದೆ ಹೇಳಿದ್ದರೂ ಸಹಿಸುತ್ತಿದ್ದ. ಮೆಹಬೂಬ ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಕಡಿಮಿ ಬಿದ್ದೈತಿ ಅಂತ ಒಂದ ಫೋನ್ ಮಾಡಿದ್ರ ನಾ ಏನ ಅಂತಿದ್ದೆ ಸಿದ್ದಣ್ಣ?" ಎಂದು ಮೆಲ್ಲಗೆ ಕೇಳಿದ. "ಇಳಸ್ರೋ" ಎಂದು ಹಮಾಲರಿಗೆ ಹೇಳಿದ. "ಒಣಗಿದ ಮ್ಯಾಲೆ ಹೇಳಿ ಕಳಸ್ರಿ. ಎಷ್ಟ ಆಗತಾವೋ ಅಷ್ಟ ಒಯ್ತೇನಿ."

ಅವರು ಹೋದ ಮೇಲೆ ಸಿದ್ದಲಿಂಗಪ್ಪ ಹಿಂದಿನ ಕೋಣೆಯ ಬಾಗಿಲ ತನಕ ಹೋದ. ಒಳಗೆ ಕಾಲಿಡಲಾಗಲಿಲ್ಲ. ಸುಧಾರಾಣಿ ಕೂಸಿಗೆ ಹಾಲು ಕುಡಿಸುತ್ತ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. "ರಿಪೋರ್ಟ ಹೋತಪ್ಪಾ" ಅಂದಳು, ತಿರುಗದೆ. "ಒಂದ ಸಲಕ್ಕ ಹೋತು." ಅವಳು ಅಳುತ್ತಿದ್ದಳೆಂದು ಧ್ವನಿಯಿಂದ ತಿಳಿಯಿತು.

ನಾಲ್ಕು ದಿನ ಅವನು ಹಮಾಲರನ್ನು ಕರೆಯದೆ, ಒಬ್ಬನೇ ಒಂದೊಂದು ಚೀಲ ಮಾಳಿಗೆಗೆ ಹೊತ್ತು, ಕಾಯಿ ಹರವಿ, ಹೊತ್ತು ಹೊತ್ತಿಗೆ ಮಗುಚಿದ. ಮುಗ್ಗಲು ಹಿಡಿದವನ್ನು ಆರಿಸಿ ಬಿಸಾಕಿದ. ಓಣಿಯವರು ತಲೆಯೆತ್ತಿ ನೋಡಿ, "ಏನ್ರಿ, ಚೀಲ ಬಿಚ್ಚೀರಿ?" ಎಂದು ಕೇಳಿದರು. "ಹಸಿ ಆಗಿದ್ವು" ಅಂದ. "ಹೆಂಗ ಆದ್ವು?" ಎಂದು ಕೇಳಿದವರಿಗೆ, "ನಾನ ಮಾಡಿದೆ" ಅಂದ. ಅವರು ತಮಾಷೆ ಅಂದುಕೊಂಡು ನಕ್ಕು ಹೋದರು. ಸಿದ್ದವ್ವ ಮಾಳಿಗೆಗೆ ಊಟ ತಂದಿಟ್ಟು ಇಳಿದು ಹೋಗುತ್ತಿದ್ದಳು.

ಬುಧವಾರ ಮೆಹಬೂಬ ಟೆಂಪೋ ತಂದ. ಈ ಸಲ ಅಜೀಮ ಬಂದಿರಲಿಲ್ಲ. ಮಾಲು ಇಪ್ಪತ್ತೊಂಬತ್ತು ಚೀಲವಾಗಿತ್ತು, ಸಿದ್ದಲಿಂಗಪ್ಪ ಅದನ್ನು ಬಾಗಿಲಲ್ಲೇ ಹೇಳಿದ. ಮೆಹಬೂಬ ಆಗಲಿ ಅಂದ. ಗೋಡೆಗೆ ಒರಗಿ ಕುಳಿತ, ಕೂಸು ರಾತ್ರಿ ನಿದ್ದೆ ಮಾಡುತ್ತದೆಯೇ ಎಂದು ಕೇಳಿದ, ಚಹಾ ಪೂರ್ತಿ ಕುಡಿದ. ಮಳೆಯ ಬಗ್ಗೆ ಒಂದೆರಡು ಮಾತಾಯಿತು. ಮುಗಿಯಿತೇನೋ, ಇಷ್ಟಕ್ಕೇ ಮುಗಿಯಿತೇನೋ ಎಂದು ಸಿದ್ದಲಿಂಗಪ್ಪನ ಎದೆ ಸ್ವಲ್ಪ ಹಗುರಾಗತೊಡಗಿತ್ತು.

ಮೆಹಬೂಬ ಎದ್ದು ನಡುಮನೆಗೆ ಹೋದ. ಚೀಲಗಳ ಮುಂದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ. ಆಮೇಲೆ, ತಪ್ಪು ಮಾಡಿದವನು ತಾನೇ ಅನ್ನುವ ಹಾಗೆ ಸಣ್ಣ ಧ್ವನಿಯಲ್ಲಿ ಕೇಳಿದ. "ಸಾವಕಾರ್ರ, ಒಂದ ಚೀಲ ನೋಡ್ಲೇನ್ರಿ?"

ಇಪ್ಪತ್ತೆರಡು ವರ್ಷದಲ್ಲಿ ಮೆಹಬೂಬ ಅವನನ್ನು ಸಾವಕಾರ್ರ ಎಂದು ಕರೆದದ್ದು ಅದೇ ಮೊದಲು.

"ನೋಡು" ಅಂದ ಸಿದ್ದಲಿಂಗಪ್ಪ. ತಾನೇ ಬಗ್ಗಿ ಸುತಳಿ ಕತ್ತರಿಸಿ, ಚೀಲದ ಬಾಯಿ ಬಿಚ್ಚಿ, ಬದಿಗೆ ಸರಿದು ಕೈ ಕಟ್ಟಿ ನಿಂತ. ಮೆಹಬೂಬ ಅಂಗಿಯ ತೋಳು ಮಡಚಿದ. ಮೊಣಕೈ ತನಕ ಕೈ ಇಳಿಸಿ, ತಳದಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಬೀಜ ಗಲಗಲ ಅಂದವು.

"ಚೊಲೋ ಅದಾವು" ಅಂದ ಮೆಹಬೂಬ. ಕಾಯಿಯನ್ನು ಮತ್ತೆ ಚೀಲಕ್ಕೆ ಹಾಕಿ, ಎರಡನೇ ಚೀಲದ ಕಡೆ ತಿರುಗಿದ. ಸಿದ್ದಲಿಂಗಪ್ಪ ಅದರ ಬಾಯಿಯನ್ನೂ ಬಿಚ್ಚಿದ.